ಚಾರ್ವಿಯ ಹೆಸರಿನ ಹಣತೆ

ಮಂತ್ರಕಾಳಗದ ಕೊನೆಯ ಸುತ್ತಿನಿಂದ ಒಬ್ಬರೇ ಜೀವಂತ ಹೊರಬರುವುದು. ಅದಕ್ಕೆ ಮುನ್ನ ಸ್ಪರ್ಧಿಯ ಒಳಿತು ಬಯಸುವವರೊಬ್ಬರು ಕಣದಂಚಿನಲ್ಲಿ ಹಣತೆ ಹಚ್ಚಬೇಕು. ಹಣತೆಯಿಲ್ಲದವರ ಮಂತ್ರ ಫಲಿಸದು. ಹಚ್ಚಿದವರು ಸತ್ತರೆ ಮಾತ್ರ ಅದು ಆರುತ್ತದೆ.

ತನ್ನವರೆಂದು ಯಾರೂ ಇಲ್ಲದ ಚಾರ್ವಿ ಸಾಯಲೆಂದೇ ಬಂದಿದ್ದಳು. ನೋಡಿದರೆ, ಅವಳ ಹೆಸರಿನ ಹಣತೆಯೂ ಉರಿಯುತ್ತಿತ್ತು!

"ಯಾರೇ ಹಚ್ಚಿದ್ದು ನಿಂಗೆ?" ಎದುರಾಳಿ ನೇಸರ ಕೆಣಕಿದ.

"ಗೊತ್ತಿಲ್ಲ ಕಣೋ. ನಂಗೂ ಒಬ್ರು ಇದ್ದಾರಲ್ಲ, ಅಷ್ಟು ಸಾಕು. ಗೆದ್ದು ಹುಡುಕ್ತೀನಿ."

"ಹಾಗಾದ್ರೆ ಮೊದ್ಲು ಗೆಲ್ಲು, ಮಂಗ," ಎಂದು ಅವನು ನಕ್ಕ.

ಕಣ್ಣು ಮುಚ್ಚಿ ಮಂತ್ರ ಬಿಟ್ಟಳು. ನೇಸರ ಕುಸಿದುಬಿದ್ದ, ಮತ್ತೆ ಉಸಿರಾಡಲಿಲ್ಲ. ಜನರ ಜಯಕಾರದ ನಡುವೆ, ತನ್ನವರು ಅಲ್ಲೇ ಎಲ್ಲೋ ನಿಂತಿರಬಹುದೆಂದು ಅವಳು ಹಣತೆಯತ್ತ ಓಡಿದಳು.

ಆರಿದ ಬತ್ತಿಯಿಂದ ಇನ್ನೂ ಹೊಗೆಯೇಳುತ್ತಿತ್ತು.