ರೈಟ್ ಅಂದ ಮೇಲೆಯೇ ಹೊರಟ ಬಸ್ಸು

ಬಸ್ಸಿನಲ್ಲಿ ಕೂತಿದ್ದೀರಾ? ಮುಂದಿನ ಸ್ಟಾಪ್ ಬರುವಷ್ಟರಲ್ಲಿ ಓದಿ ಮುಗಿಯುತ್ತದೆ...

ಗದಗ ಕಡೆಯ ಸರ್ಕಾರಿ ಬಸ್ ಡ್ರೈವರ್ ಫಕ್ಕೀರಪ್ಪ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ಕೋಳಿಗೂ ಗಾಲಿ ತಾಗಿಸಿದವನಲ್ಲ.

ಒಂದು ಸಂಜೆ ತಿರುವಿನಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಎದುರಾಯಿತು. ತಪ್ಪಿಸಲು ಹೋಗಿ ಬಸ್ಸು ಹೊಲಕ್ಕೆ ಉರುಳಿತು... ದೇವರು ದೊಡ್ಡವನು, ಯಾರ ಜೀವಕ್ಕೂ ಏನೂ ಆಗಲಿಲ್ಲ.

ಆದರೆ ಅಂದಿನಿಂದ ಸ್ಟೀರಿಂಗ್ ಮುಟ್ಟಿದರೆ ಸಾಕು, ಫಕ್ಕೀರಪ್ಪನ ಕೈ ಗಡಗಡ ನಡುಗುತ್ತಿತ್ತು.

ತಿಂಗಳೊಳಗೆ ಸರಿಹೋಗದಿದ್ದರೆ ಡಿಪೋದ ಗೇಟ್ ಕಾಯುವ ಕೆಲಸವೇ ಗತಿ ಎಂದರು ಸಾಹೇಬರು. ಅಂಥ ಗಟ್ಟಿ ಆಳು ಮನೆಗೆ ಬಂದು ಮಗುವಿನಂತೆ ಅತ್ತ.

ಮನೆಯವರು ಕರೆದೊಯ್ದ ಕ್ಲಿನಿಕ್ಕಿನಲ್ಲಿ ಮನೋವೈದ್ಯೆ ಮೇಡಂ ಅವನ ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿದರು. ಕೂತದ್ದು ಸ್ಟೀರಿಂಗ್, ಪೆಡಲ್ ಜೋಡಿಸಿದ ಕುರ್ಚಿಯಲ್ಲಿ... ಕಂಡದ್ದು ಮಾತ್ರ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಗಾಜು, ಅದರಾಚೆ ಟಾರು ರಸ್ತೆ, ದೂರದಲ್ಲಿ ಅದೇ ತಿರುವು! ಇಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ, ಭಯವನ್ನು ಸ್ವಲ್ಪ ಸ್ವಲ್ಪವೇ ಪಳಗಿಸೋಣ ಎಂದರು.

ಕಣ್ಣಿಗೆ ಡಬ್ಬಿ ಕಟ್ಟಿದರೆ ಕೈ ನಡುಕ ನಿಲ್ಲುತ್ತದೆಯೇ ಎಂದು ಡಿಪೋದವರು ನಕ್ಕರು.

ಮೂರು ವಾರ ಕಳೆಯಿತು. ನಡುಕ ಇಳಿಯಿತು, ಉಸಿರು ಹಿಡಿತಕ್ಕೆ ಬಂತು... ಹೆಡ್‌ಸೆಟ್ಟಿನೊಳಗಿನ ಬಸ್ಸು ಮಾತ್ರ ಸ್ಟ್ಯಾಂಡ್ ಬಿಟ್ಟು ಒಂದಡಿ ಕದಲಲಿಲ್ಲ. ಪೆಡಲ್ ಕೆಟ್ಟಿದೆಯೇನೋ ಎಂದು ಮೇಡಂ ಎರಡು ಸಲ ರಿಪೇರಿಯವರನ್ನು ಕರೆಸಿದ್ದೂ ಆಯಿತು.

ಕೊನೆಗೆ ಅವನನ್ನೇ ಕೇಳಿದರು, ಯಾಕೆ ಹೊರಡುತ್ತಿಲ್ಲ ಎಂದು.

ಫಕ್ಕೀರಪ್ಪ ಸಂಕೋಚದಿಂದ ಹೇಳಿದ, "ಯಾರೂ ರೈಟ್ ಅಂದಿಲ್ಲಲ್ರೀ ಮೇಡಂ..."

ಮರುದಿನವೇ ಕಂಡಕ್ಟರ್ ದಾವಲಸಾಬನಿಗೆ ಕರೆ ಹೋಯಿತು. ಹನ್ನೊಂದು ವರ್ಷದ ಜೋಡಿ. ಆದರೂ ಅಪಘಾತದ ಮೇಲೆ ಒಮ್ಮೆಯೂ ಮುಖ ತೋರಿಸಿರಲಿಲ್ಲ. ತನ್ನ ಮೇಲೆ ಸಿಟ್ಟಿರಬೇಕು ಎಂದೇ ಫಕ್ಕೀರಪ್ಪ ತಿಳಿದಿದ್ದ.

ಹೆಡ್‌ಸೆಟ್ ಕಟ್ಟಿಕೊಂಡು ಕಾದ... ಬೆನ್ನ ಹಿಂದೆ ಬಂದು ನಿಂತ ದಾವಲಸಾಬ ರೈಟ್ ಅನ್ನಲಿಲ್ಲ. ಬಿಕ್ಕುವ ಸದ್ದಷ್ಟೇ ಕೇಳಿತು.

"ಅಣ್ಣಾ... ಅವತ್ತ ಹೊತ್ತಾತಂತ ಅವಸರ ಮಾಡಿ ರೈಟ್ ಅಂದಾಂವ ನಾನ. ಅವತ್ತಿಂದ ಆ ಮಾತ ಬಾಯಾಗ ಬರವಲ್ದು. ಬಸ್ ಹತ್ತೂದ ಬಿಟ್ಟೇನಿ."

ಫಕ್ಕೀರಪ್ಪನ ಎದೆ ಹಗುರಾಯಿತು. ಇಷ್ಟು ದಿನ ಇಬ್ಬರೂ ಒಂದೇ ನೋವು ಹೊತ್ತು ಬೇರೆ ಬೇರೆ ಮನೆಯಲ್ಲಿ ಕೂತಿದ್ದರು. ಹೆಡ್‌ಸೆಟ್ಟಿನಿಂದ ಹೊರಗೇನೂ ಕಾಣದಿದ್ದರೂ ಹಿಂದಕ್ಕೆ ಕೈ ಚಾಚಿ ಅವನ ಕೈ ಹಿಡಿದ.

"ಹುಚ್ಚಪ್ಪಾ, ನೀ ರೈಟ್ ಅಂದಿದ್ದು ಬಸ್ಸಿಗೆ, ಟ್ರ್ಯಾಕ್ಟರಿಗಲ್ಲ. ಈಗ ಅನ್ನು. ನೀ ಅನ್ನದ ನಾ ಯಾವತ್ತರ ಗಾಡಿ ಬಿಟ್ಟೇನೇನು?"

ದಾವಲಸಾಬ ಆ ಕೈಯನ್ನು ಮತ್ತೆ ಸ್ಟೀರಿಂಗ್ ಮೇಲಿಟ್ಟು ಅಂದ.

"ರೈಟ್..."

ಬಸ್ಸು ಹೊರಟಿತು. ಆ ತಿರುವೂ ದಾಟಿತು. ಹೆಡ್‌ಸೆಟ್ ಬಿಚ್ಚಿದಾಗ ಒಳಗಿನ ಸ್ಪಂಜು ಪೂರ್ತಿ ಒದ್ದೆ... ಮೇಡಂ ಅದನ್ನು ಒರೆಸುವ ಮೊದಲು ತಮ್ಮ ಕಣ್ಣು ಒರೆಸಿಕೊಂಡರು.

ಮುಂದಿನ ತಿಂಗಳು ಮುಂಡರಗಿ ರೂಟಿನಲ್ಲಿ ಅದೇ ಡ್ರೈವರ್, ಅದೇ ಕಂಡಕ್ಟರ್. ನಡುನಡುವೆ ಅದೇ ಹಳೇ ಜಗಳ ಕೂಡ.

*ಯಂತ್ರ ದಾರಿ ತೋರಿಸೀತು... ಹೊರಡುವ ಧೈರ್ಯ ಬರುವುದು ನಮ್ಮವರ ಒಂದು ಮಾತಿನಿಂದ.*

ನಿಮ್ಮ ಒಂದು "ರೈಟ್"ಗಾಗಿ ನಿಂತಲ್ಲೇ ನಿಂತಿರುವವರು ಯಾರಾದರೂ ಇದ್ದಾರಾ... ಇವತ್ತು ಅವರಿಗೊಂದು ಫೋನ್ ಮಾಡುತ್ತೀರಾ?