ಆಯಿಲ್ ಕುಡಿಯುವ ಕಾರು

ಸೈಲೆನ್ಸರಿನ ಬಿಸಿ ವಾಸನೆ ಮೂಗಿಗೆ ಬಡಿದರೆ ಈಗಲೂ ಬನ್ನೂರಿನ ಆ ಮಧ್ಯಾಹ್ನ ಎದ್ದು ಬರುತ್ತದೆ. ಮಧ್ಯಾಹ್ನವೇ ಹೌದೋ ಅಲ್ಲವೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ತಾನು ಕೊಳ್ಳಬೇಕೆಂದಿದ್ದ ಹಳೆಯ ಕಾರನ್ನು ನೋಡಿ ಹೇಳಲು ಚಿಕ್ಕಪ್ಪ, ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ ನನ್ನ ಅಪ್ಪನನ್ನು ಕರೆಸಿದ್ದ. ಚಿಕ್ಕಪ್ಪನ ಮಗಳು ಶೋಭಾ ಆಗಲೇ ಮುಂದಿನ ಸೀಟಿನಲ್ಲಿ ಕೂತು ನನಗೆ ಟಾಟಾ ಮಾಡುತ್ತಿದ್ದಳು. ಇಂಜಿನ್ನು ಆಯಿಲ್ ಸುಡುತ್ತಿದ್ದರೆ ಬಟ್ಟೆ ಕಪ್ಪಾಗುತ್ತದೆಂದು ಅಪ್ಪ ಸೈಲೆನ್ಸರಿನ ಬಾಯಿಗೆ ಕರ್ಚೀಫು ಹಿಡಿದ. ಚಿಕ್ಕಪ್ಪ ಸ್ಟೀರಿಂಗ್ ಹಿಂದೆ ಕೂತಿದ್ದ; ಅಪ್ಪನ ಪಕ್ಕ ನಿಂತಿದ್ದ ನನಗೆ ಮಾತ್ರ ಕಂಡಿತು, ಅದು ಬೆಳ್ಳಗೇ ಇತ್ತು. ಅಪ್ಪ ಬೇಗ ಮಡಿಸಿ ಜೇಬಿಗೆ ತುರುಕಿಕೊಂಡ.

"ಬ್ಯಾಡ ಕಣ್ಲಾ, ಆಯಿಲ್ ಕುಡೀತದೆ."

"ಓಡ್ಸುದಾಗ ಚೆನ್ನಾಗಿತ್ತಲ್ಲಣ್ಣ?" ಚಿಕ್ಕಪ್ಪ ನನ್ನ ಕಡೆ ತಿರುಗಿದ. "ಬಟ್ಟೇನ ನೀನೂ ನೋಡ್ದೇನವ್ವಾ?"

"ಊಂ ಚಿಕ್ಕಪ್ಪ, ಕರ್ರಗಾಗಿತ್ತು," ಎಂದೆ.

ಶೋಭಾ ಅಳುತ್ತಾ ಇಳಿದಳು. ಬಸ್ ಸ್ಟ್ಯಾಂಡಿನವರೆಗೂ ಅಪ್ಪ ನನ್ನ ಮುಖ ನೋಡಲಿಲ್ಲ. ಕೈ ಮಾತ್ರ ಬಿಡಲಿಲ್ಲ.