ಕೋಟಿನ ಗುಂಡಿ

"ಬಲಗೈ ಕೆಲಸಕ್ಕೇ ಬರಲ್ಲ ಅಂತೀರಿ. ಒಂದು ಗುಂಡಿ ಹೊಲಿಯೋಕೂ ಆಗಲ್ವಾ?" ಬಸ್ ಕಂಪನಿಯ ವಕೀಲರು ತಮ್ಮ ಕರಿ ಕೋಟು ಬಿಚ್ಚಿ, ಅದರಲ್ಲಿ ನೇತಾಡುತ್ತಿದ್ದ ಗುಂಡಿಯನ್ನು ಕಿತ್ತು ಟೈಲರ್ ಮುಂದಿಟ್ಟರು. ಪರಿಹಾರ ತೀರ್ಮಾನಿಸಬೇಕಿದ್ದ ನ್ಯಾಯಾಧೀಶರು ಬೇಡವೆನ್ನಲಿಲ್ಲ. "ರೀ, ಮುಟ್ಟಬೇಡಿ," ಎಂದು ಹಿಂದಿನಿಂದ ಟೈಲರ್ ಹೆಂಡತಿ ಪಿಸುಗುಟ್ಟಿದಳು.

ಆದರೆ ಕಿತ್ತ ಗುಂಡಿ ಕಣ್ಣೆದುರಿಗಿರುವಾಗ ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿದಾರ ತೆಗೆದರು. ಬಸ್ಸು ಮಗುಚಿದಾಗ ಜಜ್ಜಿಹೋಗಿದ್ದ ಬಲಗೈಯನ್ನು ಗುಂಡಿಯ ಮೇಲೆ ಊರಿ, ಎಡಗೈಯಲ್ಲಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದರು.

"ನೋಡಿ ಮೇಡಂ, ನೀರು ಕುಡಿದಷ್ಟು ಸಲೀಸು!" ವಕೀಲರು ನ್ಯಾಯಾಧೀಶರತ್ತ ತಿರುಗಿ, ಗೆದ್ದ ಗತ್ತಿನಲ್ಲಿ ಕೋಟು ತೊಟ್ಟು ಗುಂಡಿ ಹಾಕಿಕೊಂಡರು. ಕೋಟಿನ ಒಂದು ಮಗ್ಗುಲು ಸೊಟ್ಟಗೆ ಮೇಲೆದ್ದಿತು. ಮರಗಟ್ಟಿದ ಬೆರಳುಗಳಡಿ ಗುಂಡಿ ಜಾರಿ, ಕಾಜಕ್ಕಿಂತ ಎರಡು ಬೆರಳು ಕೆಳಗೆ ಕೂತಿತ್ತು.

ನ್ಯಾಯಾಧೀಶರು ಅದನ್ನೇ ನೋಡುತ್ತ ಪೆನ್ನೆತ್ತಿಕೊಂಡರು. ಹೆಂಡತಿ ಆಗಷ್ಟೇ ಉಸಿರುಬಿಟ್ಟಳು. ಟೈಲರ್ ಮಾತ್ರ ಮುಖವೆತ್ತದೆ ವಕೀಲರತ್ತ ಎಡಗೈ ಚಾಚಿದರು.

"ಬಿಚ್ಚಿಕೊಡಿ ಸಾರ್, ಸರಿಮಾಡ್ತೀನಿ. ಹೀಗೇ ಹೊರಗೆ ಹೋಗಬೇಡಿ. ಯಾರು ಹೊಲಿದಿದ್ದು ಅಂತ ಜನ ಕೇಳ್ತಾರೆ."